ನಕ್ಷೆ ಓದುವ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು: ಕಾಸರಗೋಡಿನ ಗುಡ್ಡೆ, ಹೊಳೆ, ಬಯಲು ಇಟ್ಟುಕೊಂಡು

ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮದ ಮಕ್ಕಳೂ ಅವರ ಮನೆಯವರೂ ತರಗತಿಯಲ್ಲಿ, ಫೋನಿನಲ್ಲಿ, ಚೀಟಿ ಬರೆದು ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಉದಾಹರಣೆಗಳನ್ನು ನಮ್ಮ ಜಿಲ್ಲೆಯಿಂದಲೇ ಆರಿಸಿದ್ದೇನೆ. ನಡೆದು ಗೊತ್ತಿರುವ ಜಾಗದ ನಕ್ಷೆಯನ್ನು ತಪ್ಪಾಗಿ ಓದಿದರೆ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಕಾಣದ ದೇಶದ ನಕ್ಷೆಯಲ್ಲಿ ಹಾಗಾಗುವುದಿಲ್ಲ.

## ಶುರುವಿನವು

ಮದುವೆ ಕಾಗದದ ಹಿಂದೆ ದಾರಿ ಬರೆದಿರ್ತಾರಲ್ಲ, ಅದೂ ನಕ್ಷೆಯೇ ಅಲ್ಲವಾ ಮಾಷ್ಟ್ರೇ?

ಅದು ದಾರಿ ತೋರಿಸುವ ಚಿತ್ರ. ಕೆಲಸಕ್ಕೆ ಬರುತ್ತದೆ, ಆದರೆ ಅದರ ಮೇಲೆ ಅಡಿಪಟ್ಟಿ ಇಟ್ಟು ದೂರ ಅಳೆಯಲಾಗದು. ಬದಿಯಡ್ಕ ಪೇಟೆಯಿಂದ ಸಭಾಭವನದವರೆಗೆ ಎಳೆದ ಗೆರೆ ಒಂದು ಕಿಲೋಮೀಟರೋ ಐದೋ ಅಂತ ಆ ಚಿತ್ರ ಹೇಳುವುದಿಲ್ಲ. ನಕ್ಷೆ ಅನ್ನಬೇಕಾದರೆ ಐದು ಸಂಗತಿಗಳು ಬೇಕು: ತಲೆಬರಹ, ಪ್ರಮಾಣ (ನೆಲದ ದೂರ ನಕ್ಷೆಯಲ್ಲಿ ಎಷ್ಟನೇ ಒಂದು ಪಾಲಿಗೆ ಕುಗ್ಗಿದೆ ಎಂಬ ಲೆಕ್ಕ), ದಿಕ್ಕು, ಚಿಹ್ನೆಗಳ ವಿವರಣೆ, ಜಾಗವನ್ನು ಗುರುತಿಸುವ ಅಕ್ಷಾಂಶ-ರೇಖಾಂಶ. ಪರೀಕ್ಷೆಯಲ್ಲಿ ನಕ್ಷೆ ಬಿಡಿಸಿ ಪ್ರಮಾಣ ಬರೆಯದೆ ಬಿಟ್ಟರೆ ಅಂಕ ಹೋಗುವುದು ಇದಕ್ಕೇ.

ಮೇಲೆ ಇರುವುದು ಯಾವಾಗಲೂ ಉತ್ತರವೇನಾ?

ಬಹುಪಾಲು ನಕ್ಷೆಗಳಲ್ಲಿ ಹೌದು. ಆದರೂ ಬಾಣದ ಗುರುತು ನೋಡಿಯೇ ಮುಂದುವರಿಯಿರಿ. ಉದ್ದನೆಯ ಜಾಗವನ್ನು ಕಾಗದಕ್ಕೆ ಹೊಂದಿಸಲು ನಕ್ಷೆ ತಿರುಗಿಸಿ ಅಚ್ಚು ಹಾಕುವುದುಂಟು.

ಸಮುದ್ರ ಪಶ್ಚಿಮ, ಮಂಗಳೂರು ಉತ್ತರ. ಇಷ್ಟು ಗೊತ್ತಿದ್ದರೆ ಸಾಲದಾ?

ದಾರಿ ಕೇಳಿದವರಿಗೆ ಹೇಳಲು ಸಾಕು, ನಕ್ಷೆಯ ಲೆಕ್ಕಕ್ಕೆ ಸಾಲದು. ನಮ್ಮ ಕರಾವಳಿ ನೇರ ಉತ್ತರ-ದಕ್ಷಿಣವಾಗಿಲ್ಲ, ಓರೆಯಾಗಿದೆ. ಕಾಸರಗೋಡಿನಿಂದ ಕುಂಬಳೆ, ಉಪ್ಪಳ, ಮಂಜೇಶ್ವರ ದಾಟಿ ಮಂಗಳೂರಿಗೆ ಹೋಗುವಾಗ ಉತ್ತರಕ್ಕೆ ಹೋದಂತೆ ಪಶ್ಚಿಮಕ್ಕೂ ಸ್ವಲ್ಪ ಸ್ವಲ್ಪ ಸರಿಯುತ್ತಾ ಹೋಗುತ್ತೀರಿ.

ಇದನ್ನು ಕರಾರುವಾಕ್ಕಾಗಿ ಹೇಳಲು ದಿಕ್ಕೋನ ಬೇಕು. ಉತ್ತರವನ್ನು 0 ಎಂದು ಹಿಡಿದು ಬಲಕ್ಕೆ, ಅಂದರೆ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಎಣಿಸಬೇಕು. ಪೂರ್ವ 90, ದಕ್ಷಿಣ 180, ಪಶ್ಚಿಮ 270 ಡಿಗ್ರಿ. ಕಾಸರಗೋಡಿನಿಂದ ಮಂಗಳೂರು ಸುಮಾರು 340 ಡಿಗ್ರಿಯಲ್ಲಿದೆ. ಮಂಗಳೂರಿನಲ್ಲಿ ನಿಂತು ಕಾಸರಗೋಡಿನ ಕಡೆ ನೋಡಿದರೆ ಅದರಲ್ಲಿ 180 ಕಳೆದು 160 ಡಿಗ್ರಿ. ಇದು ಹಿಮ್ಮುಖ ದಿಕ್ಕಿನ ಕೋನ. ಮೊದಲ ಕೋನ 180ಕ್ಕಿಂತ ಕಡಿಮೆ ಇದ್ದರೆ 180 ಕೂಡಿಸಿ, ಹೆಚ್ಚಿದ್ದರೆ ಕಳೆಯಿರಿ.

ಅಕ್ಷಾಂಶ ಯಾವುದು ರೇಖಾಂಶ ಯಾವುದು ಅಂತ ಪ್ರತಿ ಸಲ ಅದಲುಬದಲಾಗ್ತದೆ. ಏನು ಮಾಡುವುದು?

ವ್ಯಾಖ್ಯೆ ಬಾಯಿಪಾಠ ಮಾಡುವುದನ್ನು ಬಿಟ್ಟು ನಮ್ಮೂರಿನ ಎರಡು ಸಂಖ್ಯೆ ನೆನಪಿಡಿ. ಕಾಸರಗೋಡು ಪೇಟೆ ಹೆಚ್ಚುಕಡಿಮೆ 12 ಡಿಗ್ರಿ 30 ಮಿನಿಟು ಉತ್ತರ, 75 ಡಿಗ್ರಿ ಪೂರ್ವ. ಇಷ್ಟು ಸುಲಭದ ಸಂಖ್ಯೆ ಸಿಕ್ಕಿದ ಪೇಟೆಗಳು ಕಡಿಮೆ.

ಇನ್ನು ಯೋಚಿಸಿ. ನಾವು ಭೂಮಧ್ಯರೇಖೆಗೆ ಹತ್ತಿರ ಇದ್ದೇವೆ, ಆದ್ದರಿಂದ ಸಣ್ಣ ಸಂಖ್ಯೆ 12 ನಮ್ಮ ಅಕ್ಷಾಂಶ. ಲಂಡನ್ನಿನ ಗ್ರೀನ್‌ವಿಚ್‌ನಿಂದ ಪೂರ್ವಕ್ಕೆ ಬಹಳ ದೂರ ಇದ್ದೇವೆ, ಆದ್ದರಿಂದ ದೊಡ್ಡ ಸಂಖ್ಯೆ 75 ನಮ್ಮ ರೇಖಾಂಶ. ಅಕ್ಷಾಂಶ 90ರ ಮೇಲೆ ಹೋಗುವುದೇ ಇಲ್ಲ, ರೇಖಾಂಶ 180ರವರೆಗೆ ಹೋಗುತ್ತದೆ. ದೂರದ ಲೆಕ್ಕವೂ ಇಲ್ಲಿಂದಲೇ ಹೊರಡುತ್ತದೆ: ಒಂದು ಡಿಗ್ರಿ ಅಕ್ಷಾಂಶಕ್ಕೆ ಎಲ್ಲಿ ಹೋದರೂ ಸುಮಾರು 111 ಕಿ.ಮೀ. ಒಂದು ಡಿಗ್ರಿ ರೇಖಾಂಶಕ್ಕೆ ನಮ್ಮಲ್ಲಿ ಸುಮಾರು 109 ಕಿ.ಮೀ.; ಧ್ರುವದ ಕಡೆ ಹೋದಂತೆ ಅದು ಕುಗ್ಗುತ್ತಾ ಸೊನ್ನೆಯಾಗುತ್ತದೆ.

ಮೊಬೈಲಿನಲ್ಲಿ 12.58 ಅಂತ ಬರ್ತದೆ. ಪುಸ್ತಕದಲ್ಲಿ ಡಿಗ್ರಿ, ಮಿನಿಟು, ಸೆಕೆಂಡು. ಯಾವುದು ಸರಿ?

ಎರಡೂ ಸರಿ, ಬರೆಯುವ ಕ್ರಮ ಬೇರೆ. ಬಿಂದುವಿನ ನಂತರದ್ದನ್ನು 60ರಿಂದ ಗುಣಿಸಿ: 0.58 × 60 = 34.8. ಅಂದರೆ 34 ಮಿನಿಟು. ಉಳಿದ 0.8ನ್ನು ಮತ್ತೆ 60ರಿಂದ ಗುಣಿಸಿದರೆ 48 ಸೆಕೆಂಡು. ಹಾಗಾಗಿ 12 ಡಿಗ್ರಿ 34 ಮಿನಿಟು 48 ಸೆಕೆಂಡು. 12.58ನ್ನು 12 ಡಿಗ್ರಿ 58 ಮಿನಿಟು ಎಂದು ಓದಿಬಿಟ್ಟರೆ ನಲವತ್ತು ಕಿಲೋಮೀಟರಿಗಿಂತ ಹೆಚ್ಚು ಉತ್ತರಕ್ಕೆ, ಕುಂಬಳೆಯ ಬದಲು ಮಂಗಳೂರನ್ನೂ ದಾಟಿ ಹೋಗಿರುತ್ತೀರಿ.

## ಪ್ರಮಾಣದ ಬಗ್ಗೆ

1:10,000 ದೊಡ್ಡ ಪ್ರಮಾಣವಾ, 1:10,00,000 ದೊಡ್ಡದಾ? ಹತ್ತು ಲಕ್ಷವೇ ದೊಡ್ಡದಲ್ಲವಾ?

ಇಷ್ಟು ಸಲ ಕೇಳಿದ ಪ್ರಶ್ನೆ ಇನ್ನೊಂದಿಲ್ಲ. ಗೊಂದಲವಾಗುವುದು ಸಹಜ, ಯಾಕೆಂದರೆ ಕಣ್ಣು ಎರಡನೇ ಸಂಖ್ಯೆಯನ್ನು ಮಾತ್ರ ನೋಡುತ್ತದೆ. ಅದನ್ನು ಭಿನ್ನರಾಶಿಯಾಗಿ ಬರೆಯಿರಿ. ಹತ್ತು ಸಾವಿರದಲ್ಲಿ ಒಂದು ಪಾಲು, ಹತ್ತು ಲಕ್ಷದಲ್ಲಿ ಒಂದು ಪಾಲು: ಯಾವ ಪಾಲು ದೊಡ್ಡದು? ಹತ್ತು ಸಾವಿರದಲ್ಲಿ ಒಂದು. ಆದ್ದರಿಂದ 1:10,000 ದೊಡ್ಡ ಪ್ರಮಾಣದ ನಕ್ಷೆ.

ಬೇಕಲ ಕೋಟೆಯನ್ನು ಇಟ್ಟು ನೋಡೋಣ. ಅದರ ವಿಸ್ತಾರ ಸುಮಾರು 40 ಎಕರೆ. ಲೆಕ್ಕದ ಅನುಕೂಲಕ್ಕೆ 400 ಮೀಟರ್ ಉದ್ದ, 400 ಮೀಟರ್ ಅಗಲದ ಚೌಕ ಅಂತ ಹಿಡಿಯಿರಿ. 1:10,000 ನಕ್ಷೆಯಲ್ಲಿ ಅದು 4 ಸೆಂ.ಮೀ. ಚೌಕವಾಗುತ್ತದೆ, ಕೊತ್ತಳ, ಬಾವಿ, ಬಾಗಿಲು ಎಲ್ಲ ಬಿಡಿಸಲು ಜಾಗ ಉಂಟು. 1:50,000ರಲ್ಲಿ 8 ಮಿ.ಮೀ., ಕೋಟೆಯ ಹೊರಗೆರೆ ಮಾತ್ರ ಬಂದೀತು. 1:10,00,000ರಲ್ಲಿ ಅರ್ಧ ಮಿಲಿಮೀಟರೂ ಇಲ್ಲ, ಪೆನ್ಸಿಲಿನ ಒಂದು ಚುಕ್ಕೆ. ಕೋಟೆ ದೊಡ್ಡದಾಗಿ ಕಂಡ ನಕ್ಷೆ ದೊಡ್ಡ ಪ್ರಮಾಣದ್ದು. ಅದಕ್ಕೆ ಪ್ರತಿಯಾಗಿ, ಅದೇ ಅಳತೆಯ ಕಾಗದದಲ್ಲಿ ಅದು ಹಿಡಿಸುವ ಊರು ಕಡಿಮೆ. ಇಡೀ ಕೇರಳ ಬೇಕಾದರೆ ಸಣ್ಣ ಪ್ರಮಾಣಕ್ಕೆ ಹೋಗಲೇಬೇಕು.

ನಮ್ಮ ತೋಟದ ಸುರಂಗ ಯಾಕೆ ಸರ್ಕಾರಿ ನಕ್ಷೆಯಲ್ಲಿ ಇಲ್ಲ? ಅದು ಅಜ್ಜನ ಕಾಲದ್ದು.

ಕಾಸರಗೋಡಿನ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಗೆ ಅಡ್ಡಕ್ಕೆ ಕೊರೆದು ನೀರು ತರುವ ಸುರಂಗ ನಮ್ಮ ಭೂಗೋಳದ ಹೆಮ್ಮೆಯ ಸಂಗತಿ. ಆದರೆ ಅದರ ಬಾಯಿ ಒಬ್ಬ ಮನುಷ್ಯ ನುಸುಳುವಷ್ಟು. 1:50,000 ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಳೆದರೆ ನೆಲದ ಮೇಲೆ ಅದು 25 ಮೀಟರ್ ಅಗಲ. ಸುರಂಗ ಬಿಡಿ, ಪಂಚಾಯತ್ ರಸ್ತೆಯೂ ಆ ಲೆಕ್ಕದಲ್ಲಿ ಕಾಣಬಾರದು. ರಸ್ತೆ ಕಾಣುವುದು ಅದಕ್ಕೊಂದು ಚಿಹ್ನೆ ಗೊತ್ತುಮಾಡಿ, ನಿಜವಾದ ಅಗಲಕ್ಕಿಂತ ದಪ್ಪಗೆ ಬಿಡಿಸಿದ್ದರಿಂದ. ಯಾವುದನ್ನು ಬಿಡಬೇಕು, ಯಾವುದನ್ನು ಉಬ್ಬಿಸಿ ತೋರಿಸಬೇಕು ಎಂಬ ತೀರ್ಮಾನ ಪ್ರತಿ ನಕ್ಷೆಯ ಹಿಂದೆ ಇರುತ್ತದೆ. ನಿಮ್ಮ ವಾರ್ಡಿನ ಸುರಂಗಗಳನ್ನು ಗುರುತಿಸಿ ದೊಡ್ಡ ಪ್ರಮಾಣದ ನಕ್ಷೆ ನೀವೇ ಮಾಡಬಹುದು. ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ಗೊತ್ತಿಲ್ಲ.

ಝೆರಾಕ್ಸ್ ಮಾಡುವಾಗ ಸಣ್ಣದು ಮಾಡಿದೆವು. ಈಗ ದೂರ ಅಳೆಯಬಹುದಾ?

1:50,000 ಎಂದು ಅಚ್ಚಾದ ಸಂಖ್ಯೆ ಈಗ ಸುಳ್ಳು. ಕೆಳಗೆ ಗೆರೆಯ ರೂಪದಲ್ಲಿ ಬಿಡಿಸಿದ ಪ್ರಮಾಣ ಇದ್ದರೆ ಅದು ನಕ್ಷೆಯ ಜೊತೆಗೇ ಕುಗ್ಗಿರುತ್ತದೆ, ಅದನ್ನು ನಂಬಬಹುದು. ಬಾಗಿದ ಹೊಳೆ, ರಸ್ತೆ ಅಳೆಯಲು ನೂಲು ಹಾಸಿ, ಆ ನೂಲನ್ನು ಈ ಗೆರೆಯ ಮೇಲೆ ಇಡಿ.

## ಸೂರ್ಯ, ನೆರಳು, ಹೊತ್ತು

ಮಧ್ಯಾಹ್ನ ನೆರಳು ಉತ್ತರಕ್ಕೆ ಬೀಳ್ತದೆ ಅಂತ ಬರೆದುಂಟು. ಮೇ ತಿಂಗಳಲ್ಲಿ ನೋಡಿದರೆ ಹಾಗಿರಲಿಲ್ಲ. ಪುಸ್ತಕ ತಪ್ಪಾ?

ನೀವು ನೋಡಿದ್ದು ಸರಿ. ಆ ಮಾತು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರದ ಊರುಗಳಿಗೆ ವರ್ಷವಿಡೀ ಹೊಂದುತ್ತದೆ, ನಮಗೆ ಹೊಂದುವುದಿಲ್ಲ. ನಾವಿರುವುದು 12.5 ಡಿಗ್ರಿಯಲ್ಲಿ, ಸೂರ್ಯ 23.5 ಡಿಗ್ರಿ ಉತ್ತರದವರೆಗೂ ಹೋಗಿ ಬರುತ್ತಾನೆ. ಆದ್ದರಿಂದ ವರ್ಷಕ್ಕೆ ಎರಡು ಸಲ, ಏಪ್ರಿಲ್ 23ರ ಆಸುಪಾಸು ಮತ್ತು ಆಗಸ್ಟ್ 19ರ ಆಸುಪಾಸು, ಕಾಸರಗೋಡಿನಲ್ಲಿ ನಡುಹಗಲು ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿ, ನೆರಳು ದಕ್ಷಿಣಕ್ಕೆ. ಒಂದು ಮೀಟರ್ ಕೋಲಿನ ನೆರಳು ಮೇ 10ರ ಹೊತ್ತಿಗೆ ದಕ್ಷಿಣಕ್ಕೆ ಸುಮಾರು 9 ಸೆಂ.ಮೀ., ಡಿಸೆಂಬರ್ 22ಕ್ಕೆ ಉತ್ತರಕ್ಕೆ ಸುಮಾರು 72 ಸೆಂ.ಮೀ.

ಯಾವ ತಿಂಗಳಲ್ಲೂ ತಪ್ಪದ ವಿಧಾನ ಬೇಕಾದರೆ ಹೀಗೆ ಮಾಡಿ. ಸಮತಟ್ಟಾದ ಅಂಗಳದಲ್ಲಿ ಕೋಲು ನೆಟ್ಟು, ಬೆಳಿಗ್ಗೆ ಹತ್ತರ ಸುಮಾರಿಗೆ ನೆರಳಿನ ತುದಿಗೆ ಕಲ್ಲಿಡಿ. ಕೋಲಿನ ಬುಡಕ್ಕೆ ಹಗ್ಗ ಕಟ್ಟಿ, ಆ ಕಲ್ಲಿನವರೆಗಿನ ಅಳತೆಯಲ್ಲಿ ಒಂದು ವೃತ್ತ ಗೀಚಿ. ನೆರಳು ಕುಗ್ಗಿ ಮತ್ತೆ ಬೆಳೆದು ಮಧ್ಯಾಹ್ನದ ಮೇಲೆ ಆ ವೃತ್ತವನ್ನು ಮುಟ್ಟಿದ ಜಾಗಕ್ಕೆ ಇನ್ನೊಂದು ಕಲ್ಲು. ಎರಡು ಕಲ್ಲು ಸೇರಿಸಿದ ಗೆರೆ ಪೂರ್ವ-ಪಶ್ಚಿಮ. ಅದಕ್ಕೆ ಲಂಬವಾಗಿ ಎಳೆದದ್ದು ನಿಜವಾದ ಉತ್ತರ-ದಕ್ಷಿಣ.

ಗಡಿಯಾರದಲ್ಲಿ ಹನ್ನೆರಡಾದರೂ ಸೂರ್ಯ ನಡುವಿಗೆ ಬಂದಿರುವುದಿಲ್ಲ ಯಾಕೆ?

ಭಾರತದ ಗಡಿಯಾರ 82 ಡಿಗ್ರಿ 30 ಮಿನಿಟು ಪೂರ್ವ ರೇಖಾಂಶದ ಹೊತ್ತು ತೋರಿಸುತ್ತದೆ. ನಾವು 75ರಲ್ಲಿದ್ದೇವೆ. ವ್ಯತ್ಯಾಸ ಏಳೂವರೆ ಡಿಗ್ರಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು, ಹಾಗಾಗಿ ಸರಿಯಾಗಿ 30 ನಿಮಿಷ. ಕಾಸರಗೋಡಿನ ನಡುಹಗಲು ಸರಾಸರಿ 12:30ಕ್ಕೆ. ಸರಾಸರಿ ಎಂದದ್ದು ಯಾಕೆಂದರೆ ನವೆಂಬರ್ ಮೊದಲ ವಾರದಲ್ಲಿ ಅದು 12:14ಕ್ಕೇ ಆಗುತ್ತದೆ, ಫೆಬ್ರವರಿ ನಡುವಿನಲ್ಲಿ 12:44ರವರೆಗೆ ಹೋಗುತ್ತದೆ. ಭೂಮಿಯ ಕಕ್ಷೆ ದುಂಡಗಿಲ್ಲದಿರುವುದೂ ಅಕ್ಷ ವಾಲಿರುವುದೂ ಅದಕ್ಕೆ ಕಾರಣ.

ದಿಕ್ಸೂಚಿ ತೋರಿಸುವ ಉತ್ತರ ಬೇರೆ ಅಂತಾರೆ. ನಮಗೂ ತೊಂದರೆ ಉಂಟಾ?

ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ಅಂತರ ನಮ್ಮ ಕಡೆ ಬಹಳ ಸಣ್ಣದು. ಶಾಲೆಯ ಕೆಲಸಕ್ಕೆ ಬಿಟ್ಟುಬಿಡಬಹುದು. ಅದಕ್ಕಿಂತ ದೊಡ್ಡ ತಪ್ಪು ಬರುವುದು ಕಬ್ಬಿಣದ ಗೇಟು, ಬೈಕು, ಕೈಯಲ್ಲಿರುವ ಮೊಬೈಲು ಹತ್ತಿರ ಇದ್ದಾಗ.

## ಟೋಪೋಶೀಟ್

ಶೀಟಿನ ಮೇಲೆ 48 ಪಿ/3 ಅಂತ ಬರೆದುಂಟು. ಅದು ಏನು ನಂಬರು?

ಟೋಪೋಶೀಟ್ ಎಂದರೆ ನೆಲದ ಏರಿಳಿತ, ಹೊಳೆ, ರಸ್ತೆ, ಊರು ಎಲ್ಲ ತೋರಿಸುವ ಸರ್ವೆ ನಕ್ಷೆಯ ಒಂದು ಹಾಳೆ. ಅದನ್ನು ಮಾಡುವ ಭಾರತೀಯ ಸರ್ವೇಕ್ಷಣಾ ಇಲಾಖೆ 1767ರಿಂದ ಇದೆ. ಅದು ದೇಶವನ್ನು ಮೊದಲು 4 ಡಿಗ್ರಿಗೆ 4 ಡಿಗ್ರಿಯ ಚೌಕಗಳಾಗಿ ಹಂಚಿ ಸಂಖ್ಯೆ ಕೊಟ್ಟಿತು. 48 ಎಂದರೆ 12ರಿಂದ 16 ಡಿಗ್ರಿ ಉತ್ತರ, 72ರಿಂದ 76 ಡಿಗ್ರಿ ಪೂರ್ವ. ಅದನ್ನು ಒಂದೊಂದು ಡಿಗ್ರಿಯ ಹದಿನಾರು ಚೌಕ ಮಾಡಿ ಎ ಯಿಂದ ಪಿ ವರೆಗೆ ಅಕ್ಷರ. ಅಕ್ಷರಗಳು ಎಡಮೂಲೆಯಿಂದ ಕೆಳಕ್ಕೆ ಇಳಿದು, ಮತ್ತೆ ಮುಂದಿನ ಸಾಲಿನ ಮೇಲಿಂದ ಶುರುವಾಗುತ್ತವೆ. ಒಂದು ಡಿಗ್ರಿಯ ಚೌಕವನ್ನು ಮತ್ತೆ ಹದಿನಾರು ಮಾಡಿ 1ರಿಂದ 16, ಅದೇ ಕ್ರಮದಲ್ಲಿ. ಹೀಗೆ ಸಿಗುವ 15 ಮಿನಿಟಿಗೆ 15 ಮಿನಿಟಿನ ತುಂಡೇ 1:50,000 ಶೀಟು.

ನಮ್ಮ ಪೇಟೆಯ ವಿಶೇಷ ಇಲ್ಲಿ ಕಾಣುತ್ತದೆ. 75 ಡಿಗ್ರಿ ರೇಖಾಂಶವೂ 12 ಡಿಗ್ರಿ 30 ಮಿನಿಟು ಅಕ್ಷಾಂಶವೂ ಶೀಟುಗಳ ಅಂಚು. ಎರಡೂ ಕಾಸರಗೋಡು ಪೇಟೆಯ ಹತ್ತಿರವೇ ಕೂಡುವುದರಿಂದ ಪೇಟೆಯನ್ನೂ ಸುತ್ತಲಿನ ಊರುಗಳನ್ನೂ ಒಟ್ಟಿಗೆ ನೋಡಬೇಕಾದರೆ 48 ಎಲ್/14, 48 ಎಲ್/15, 48 ಪಿ/2, 48 ಪಿ/3 ನಾಲ್ಕೂ ಬೇಕು. ನಾಲ್ಕನ್ನು ನೆಲದ ಮೇಲೆ ಜೋಡಿಸಿ ಇಡುವುದೇ ಒಂದು ಒಳ್ಳೆಯ ಪಾಠ. ಒಂದರ ಅಂಚಿನಲ್ಲಿ ತುಂಡಾದ ರಸ್ತೆ, ಹೊಳೆ ಇನ್ನೊಂದರಲ್ಲಿ ಮುಂದುವರಿಯುವುದನ್ನು ಮಕ್ಕಳು ಬೆರಳಿನಲ್ಲಿ ಹಿಡಿದು ಹೋಗುತ್ತಾರೆ. ಹೊಸ ಶ್ರೇಣಿಯಲ್ಲಿ ಸಂಖ್ಯೆ ಡಿ43ಎಲ್, ಡಿ43ಪಿ ಎಂದು ಶುರುವಾಗುತ್ತದೆ.

ಬಣ್ಣಗಳನ್ನು ನೆನಪಿಡಲು ಸುಲಭದ ದಾರಿ ಉಂಟಾ?

ನೀಲಿ ನೀರು, ಹಸಿರು ಕಾಡು, ಹಳದಿ ಬೇಸಾಯದ ನೆಲ: ಇವು ಹೇಳದೆಯೇ ಗೊತ್ತಾಗುತ್ತವೆ. ಕೆಂಪು ಮನುಷ್ಯ ಕಟ್ಟಿದ್ದಕ್ಕೆ, ಅಂದರೆ ಮನೆ, ರಸ್ತೆ, ದೇವಸ್ಥಾನ, ಮಸೀದಿ, ಇಗರ್ಜಿ. ಚೌಕದ ಗ್ರಿಡ್ ಗೆರೆಗಳೂ ಕೆಂಪೇ. ಕಂದು ಬಣ್ಣ ನೆಲದ ಏರಿಳಿತಕ್ಕೂ ಮರಳಿಗೂ. ಹೆಸರು, ಗಡಿ, ರೈಲುಹಳಿ ಕಪ್ಪು. ತಪ್ಪುವುದು ಒಂದೇ ಕಡೆ: ಬೇಸಿಗೆಯಲ್ಲಿ ಒಣಗುವ ತೋಡು ನೀಲಿಯಲ್ಲ, ಕಪ್ಪು.

ಗ್ರಿಡ್ ನಂಬರು ಬರೆಯುವಾಗ ಯಾವಾಗಲೂ ತಿರುಗುಮುರುಗು ಆಗ್ತದೆ ಟೀಚರ್.

ಅಡಿಕೆ ತೋಟದಲ್ಲಿ ಒಂದು ಮರ ತೋರಿಸಬೇಕಾದರೆ ಮೊದಲು ಎಷ್ಟನೇ ಸಾಲು ಅಂತ ಬದಿಗೆ ನಡೆದು ಎಣಿಸಿ, ಆಮೇಲೆ ಆ ಸಾಲಿನ ಒಳಗೆ ಹೋಗುತ್ತೀರಿ. ಗ್ರಿಡ್ ಕೂಡ ಹಾಗೆಯೇ: ಮೊದಲು ಎಡದಿಂದ ಬಲಕ್ಕೆ, ಆಮೇಲೆ ಕೆಳಗಿಂದ ಮೇಲಕ್ಕೆ. ಬಲಕ್ಕೆ ಹೋದಂತೆ ಬೆಳೆಯುವ ಸಂಖ್ಯೆ ಪೂರ್ವಾಂಕ, ಮೇಲಕ್ಕೆ ಬೆಳೆಯುವುದು ಉತ್ತರಾಂಕ.

ಒಂದು ಚೌಕ ಹೇಳಲು ಅದರ ಎಡಗಡೆಯ ಗೆರೆ 23, ಕೆಳಗಡೆಯ ಗೆರೆ 47 ಆದರೆ 2347. ಚೌಕದೊಳಗಿನ ಒಂದೇ ಬಾವಿಯನ್ನು ಹೇಳಬೇಕಾದರೆ ಆರು ಅಂಕಿ. ಚೌಕದ ಬದಿಯನ್ನು ಹತ್ತು ಪಾಲು ಮಾಡಿ. ಬಾವಿ 23ನೇ ಗೆರೆಯಿಂದ ಆರು ಪಾಲು ಬಲಕ್ಕೆ, 47ರಿಂದ ನಾಲ್ಕು ಪಾಲು ಮೇಲಕ್ಕೆ ಇದ್ದರೆ 236474. ಚೌಕ ನೆಲದ ಮೇಲೆ ಒಂದು ಕಿ.ಮೀ., ಆದ್ದರಿಂದ ಒಂದು ಪಾಲು ನೂರು ಮೀಟರ್.

ಅಪ್ಪನ ಹತ್ತಿರ ಹಳೇ ಶೀಟು ಉಂಟು. ಅದರಲ್ಲಿ ಕಾಸರಗೋಡು ಜಿಲ್ಲೆಯೇ ಇಲ್ಲ!

ಜೋಪಾನವಾಗಿ ಇಡಿ. ಜಿಲ್ಲೆ ಆದದ್ದು 1984 ಮೇ 24ರಂದು. ಅದಕ್ಕೆ ಮೊದಲು ನಾವು ಕಣ್ಣೂರು ಜಿಲ್ಲೆಯಲ್ಲಿದ್ದೆವು. 1956 ನವೆಂಬರ್ 1ಕ್ಕೂ ಹಿಂದಿನ ಶೀಟಾದರೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಎಂದಿರುತ್ತದೆ. ಶೀಟಿನ ಅಂಚಿನಲ್ಲಿ ಸರ್ವೆ ಮಾಡಿದ ವರ್ಷ ಅಚ್ಚಾಗಿರುತ್ತದೆ, ಮೊದಲು ಅದನ್ನು ಓದಿ. ಗುಡ್ಡೆಯ ರೇಖೆಗಳು ಹೆಚ್ಚೇನೂ ಬದಲಾಗಿರುವುದಿಲ್ಲ. ಗಡಿ, ರಸ್ತೆ, ಮನೆಗಳು ಬದಲಾಗಿವೆ. ಹೊಳೆಯ ಅಳಿವೆಗಳನ್ನಂತೂ ಹೊಸ ಉಪಗ್ರಹ ಚಿತ್ರದ ಜೊತೆ ಇಟ್ಟು ನೋಡಿ: ಮಳೆಗಾಲದ ನೆರೆ ಮತ್ತು ಕಡಲಿನ ಅಲೆ ಮರಳದಿಣ್ಣೆಯನ್ನು ಒಡೆದು ಕಟ್ಟಿ ಬಾಯಿಯನ್ನು ಜರುಗಿಸುತ್ತಲೇ ಇರುತ್ತವೆ.

## ಏರಿಳಿತ ಓದುವುದು

ಕಂಟೂರು ಗೆರೆಗಳನ್ನು ನೋಡಿ ಗುಡ್ಡೆ ಹೇಗೆ ಕಾಣುವುದು? ನಮಗೆ ಬರೀ ಗೆರೆ ಕಾಣ್ತದೆ.

ಒಂದೇ ಎತ್ತರದ ಜಾಗಗಳನ್ನು ಸೇರಿಸಿದ ಗೆರೆ ಕಂಟೂರು, ಅಂದರೆ ಸಮೋನ್ನತಿ ರೇಖೆ. 1:50,000 ಶೀಟಿನಲ್ಲಿ ಸಾಮಾನ್ಯವಾಗಿ 20 ಮೀಟರಿಗೊಂದು. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ನಿಧಾನದ ಏರು.

ಪುಸ್ತಕಗಳು ಶಂಕುವಿನಾಕಾರದ ಬೆಟ್ಟ ತೋರಿಸಿ ಇಲ್ಲಿಗೇ ನಿಲ್ಲಿಸುತ್ತವೆ. ನಮ್ಮಲ್ಲಿ ಅಂಥ ಬೆಟ್ಟ ಬೇಕಾದರೆ ರಾಣಿಪುರದ ಕಡೆ ಹೋಗಬೇಕು. ಜಿಲ್ಲೆಯ ನಡುನಾಡಿನಲ್ಲಿ ಹೆಚ್ಚು ಇರುವುದು ಮುರಕಲ್ಲಿನ ಪದವು: ಮೇಲೆ ಸಪಾಟು, ಅಂಚಿನಲ್ಲಿ ಗಕ್ಕನೆ ಇಳಿತ, ಕೆಳಗೆ ಅಗಲವಾದ ಬಯಲು. ಶೀಟಿನಲ್ಲಿ ಅದು ಹೀಗೆ ಕಾಣುತ್ತದೆ. ನಡುವೆ ಗೆರೆಯೇ ಇಲ್ಲದ ಖಾಲಿ ಜಾಗ, ಅದರ ಸುತ್ತ ಅಂಟಿಕೊಂಡಂತೆ ಮೂರು ನಾಲ್ಕು ಕಂದು ಗೆರೆ, ಅದರಾಚೆ ಹಳದಿ ಬಣ್ಣದ ಉದ್ದನೆಯ ಪಟ್ಟಿ. ಖಾಲಿ ಜಾಗ ಕಂಡ ಕೂಡಲೇ ತಗ್ಗು ಎಂದು ಬರೆದುಬಿಡಬೇಡಿ. ಸುತ್ತಲಿನ ಗೆರೆಯ ಸಂಖ್ಯೆ ಒಳಕ್ಕೆ ಹೋದಂತೆ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ಪದವಿನ ಅಂಚಿನ ಆ ಒತ್ತು ಗೆರೆಗಳ ಬಳಿಯೇ ಸುರಂಗಗಳೂ ಒರತೆಗಳೂ ಇರುವುದು, ಮಳೆನೀರು ಮುರಕಲ್ಲಿನೊಳಗೆ ಇಳಿದು ಬದಿಯಿಂದ ಹೊರಬರುವುದರಿಂದ.

ವಿ ಆಕಾರ ಬಂದರೆ ಕಣಿವೆಯಾ, ಏಣಾ?

ವಿ ಯ ಚೂಪುತುದಿ ಹೆಚ್ಚು ಎತ್ತರದ ಕಡೆ ತೋರಿದರೆ ಕಣಿವೆ, ಕಡಿಮೆ ಎತ್ತರದ ಕಡೆ ತೋರಿದರೆ ಏಣು, ಅಂದರೆ ಗುಡ್ಡದ ಚಾಚು. ಹೊಳೆ ಯಾವ ಕಡೆಯಿಂದ ಬರುತ್ತದೋ ಆ ಕಡೆಗೆ ತುದಿ. ಪಯಸ್ವಿನಿ ಹೊಳೆಗೆ ಸೇರುವ ಯಾವ ತೋಡನ್ನಾದರೂ ಹಿಡಿದು ಪರೀಕ್ಷಿಸಿ.

ಇಳಿಜಾರಿನ ಲೆಕ್ಕ ಒಮ್ಮೆ ಮಾಡಿ ತೋರಿಸಿ.

40 ಮೀಟರ್ ಗೆರೆಯಿಂದ 120 ಮೀಟರ್ ಗೆರೆಗೆ ಶೀಟಿನಲ್ಲಿ 3.2 ಸೆಂ.ಮೀ. ಎಂದಿಟ್ಟುಕೊಳ್ಳಿ. ನೆಲದ ಮೇಲೆ 1,600 ಮೀಟರ್. ಏರಿದ್ದು 80. 80ಕ್ಕೆ 1,600, ಅಂದರೆ 1:20. ಇಪ್ಪತ್ತು ಮೀಟರ್ ನಡೆದರೆ ಒಂದು ಮೀಟರ್ ಏರು. ಎರಡೂ ಅಳತೆ ಮೀಟರಿನಲ್ಲೇ ಇರಲಿ.

ಒಂದು ಗುಡ್ಡೆಯಿಂದ ಇನ್ನೊಂದು ಗುಡ್ಡೆ ಕಾಣ್ತದಾ ಅಂತ ನಕ್ಷೆ ನೋಡಿ ಹೇಳಬಹುದಾ?

ಹೇಳಬಹುದು, ಅಡ್ಡಸೀಳು ಬಿಡಿಸಿ. ಎರಡು ತುದಿಗಳ ನಡುವೆ ಕಾಗದದ ಪಟ್ಟಿ ಇಟ್ಟು, ಪ್ರತಿ ಕಂಟೂರು ಪಟ್ಟಿಯನ್ನು ಮುಟ್ಟುವಲ್ಲಿ ಗುರುತು ಹಾಕಿ ಎತ್ತರ ಬರೆಯಿರಿ. ಗ್ರಾಫ್ ಹಾಳೆಯಲ್ಲಿ ಆ ಗುರುತುಗಳ ಮೇಲೆ ಎತ್ತರದ ಚುಕ್ಕಿ ಇಟ್ಟು ಸೇರಿಸಿ. ಈಗ ಎರಡು ತುದಿಗಳಿಗೆ ಅಡಿಪಟ್ಟಿ ಹಿಡಿದು ಗೆರೆ ಎಳೆಯಿರಿ. ನಡುವಿನ ನೆಲ ಎಲ್ಲಿಯೂ ಗೆರೆಯನ್ನು ದಾಟದಿದ್ದರೆ ಪರಸ್ಪರ ಕಾಣುತ್ತವೆ. ಆದರೆ ಮರಗಳು ಕಂಟೂರಿನಲ್ಲಿ ಇರುವುದಿಲ್ಲ. ನಮ್ಮ ತೆಂಗು-ಅಡಿಕೆಯ ನಾಡಿನಲ್ಲಿ ಹೋಗಿ ನೋಡಿದರೇ ಪೂರ್ತಿ ಉತ್ತರ.

ಎತ್ತರ ಸಮುದ್ರದಿಂದ ಅಂತಾರೆ. ಸಮುದ್ರ ಏರ್ತಾ ಇಳಿತಾ ಇರ್ತದಲ್ಲ, ಯಾವುದನ್ನು ಹಿಡಿಯುವುದು?

ಸರಾಸರಿಯನ್ನು. ಬಂದರುಗಳಲ್ಲಿ ಭರತ-ಇಳಿತವನ್ನು ವರ್ಷಗಟ್ಟಲೆ ಬರೆದಿಟ್ಟು ಸರಾಸರಿ ಸಮುದ್ರ ಮಟ್ಟ ಗೊತ್ತುಮಾಡುತ್ತಾರೆ. ಭಾರತದ ಹಳೆಯ ಮಟ್ಟಕ್ಕೆ ಆಧಾರವಾದ ಬಂದರುಗಳಲ್ಲಿ ನಮ್ಮ ಈ ಕರಾವಳಿಯ ಕಾರವಾರ, ಬೇಪೂರು, ಕೊಚ್ಚಿ ಕೂಡ ಇದ್ದವು. ರೈಲ್ವೆ ಪ್ಲಾಟ್‌ಫಾರಂ ತುದಿಯ ಹಳದಿ ಬೋರ್ಡಿನಲ್ಲಿ ಹೆಸರಿನ ಕೆಳಗೆ ಸಣ್ಣದಾಗಿ ಬರೆದ ಸಂಖ್ಯೆ ಇದೇ ಮಟ್ಟದಿಂದ ಲೆಕ್ಕ ಹಾಕಿದ್ದು.

ಉಪಗ್ರಹ ಇಲ್ಲದ ಕಾಲದಲ್ಲಿ ಇಷ್ಟೆಲ್ಲ ಹೇಗೆ ಅಳೆದರು?

ತ್ರಿಕೋನಗಳಿಂದ. 1802ರ ಏಪ್ರಿಲ್‌ನಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿಯ ಒಂದು ಗೆರೆಯನ್ನು ಸರಪಳಿ ಹಿಡಿದು ಅಳೆದರು. ಅದರ ಎರಡು ತುದಿಯಿಂದ ದೂರದ ಒಂದು ಎತ್ತರಕ್ಕೆ ಕೋನ ನೋಡಿದರೆ ತ್ರಿಕೋನದ ಉಳಿದ ಎರಡು ಬದಿ ಲೆಕ್ಕದಿಂದಲೇ ಸಿಗುತ್ತವೆ. ಆ ಬದಿ ಮುಂದಿನ ತ್ರಿಕೋನಕ್ಕೆ ತಳ. ಹೀಗೆ ಗುಡ್ಡದಿಂದ ಗುಡ್ಡಕ್ಕೆ ಬೆಂಗಳೂರು ದಾಟಿ ಮಂಗಳೂರಿನ ಕಡಲಿನವರೆಗೆ ಬಂದಾಗ ಮದ್ರಾಸ್-ಮಂಗಳೂರು ನಡುವಿನ ಅಗಲ 360 ಮೈಲಿ ಎಂದಾಯಿತು. ಹಿಂದಿನ ನಕ್ಷೆಗಳು ಅದನ್ನು 400 ಎಂದು ತೋರಿಸುತ್ತಿದ್ದವು. ನಿಮ್ಮ ಶೀಟಿನಲ್ಲಿ ಗುಡ್ಡೆಯ ತುದಿಗೆ ನಡುವೆ ಚುಕ್ಕಿ ಇರುವ ಸಣ್ಣ ತ್ರಿಕೋನ ಕಂಡರೆ ಅದು ಇಂಥ ಅಳತೆಯ ನಿಲುಗಡೆ. ಪಕ್ಕದ ಸಂಖ್ಯೆ ಆ ತುದಿಯ ಎತ್ತರ.